ಓದುಗರ ಪ್ರಶ್ನೆ, ನಮ್ಮ ಉತ್ತರ: ನಂಬಿಕೆಯನ್ನು ಹಂಚಿಕೊಳ್ಳುವಾಗ ಎಲ್ಲಿ ನಿಲ್ಲಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇದ್ದವು: ಬೇರೆ ನಂಬಿಕೆಯವರ ಜೊತೆ ಬಾಳುತ್ತಾ ಕ್ರಿಸ್ತನ ಬಗ್ಗೆ ಮಾತಾಡುವುದು ಹೇಗೆ? ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ಟೀಮ್ ಲೀಡ್ ಆಗಿದ್ದೇನೆ. ನನ್ನ ತಂಡದ ಹುಡುಗನೊಬ್ಬ ಮನೆಯ ಸಮಸ್ಯೆಯಿಂದ ಕುಗ್ಗಿಹೋಗಿದ್ದಾನೆ. ಅವನಿಗೆ ಯೇಸುವಿನ ಬಗ್ಗೆ ಹೇಳಬಹುದೇ?

ಮೊದಲು ಅವನ ಕಷ್ಟ ಕೇಳಿ. ರಜೆ ಬೇಕಿದ್ದರೆ ಕೊಡಿ, ಕೆಲಸದ ಗಡುವು ಸಡಿಲಿಸಿ, ಅಗತ್ಯ ಬಿದ್ದರೆ ಕೌನ್ಸೆಲರ್ ಬಳಿ ಕಳಿಸಿ. ನಂಬಿಕೆಯ ಮಾತನ್ನು ಮಾತ್ರ ನೀವಾಗಿಯೇ ಎತ್ತಬೇಡಿ. ಅವನ ಅಪ್ರೈಸಲ್ ಬರೆಯುವವರು ನೀವು. ‘ಬೇಡ ಸರ್’ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ, ಸುಮ್ಮನೆ ತಲೆಯಾಡಿಸುತ್ತಾನೆ. ನೀವು ಅದನ್ನೇ ಆಸಕ್ತಿ ಎಂದು ತಿಳಿದು ಇನ್ನೊಂದು ದಿನ ಚರ್ಚಿನ ಸಭೆಗೂ ಕರೆಯುತ್ತೀರಿ. ಅವನು ಒಲ್ಲದ ಮನಸ್ಸಿನಿಂದ ಬಂದು ಕೂರುತ್ತಾನೆ. ಕೆಲಸದ ಜಾಗದಲ್ಲಿ ಸಾಕ್ಷಿ ಹೇಳಲು, ಅಂದರೆ ತನ್ನ ನಂಬಿಕೆಯನ್ನು ತಿಳಿಸಲು, ಹೋಗಿ ಕೆಡುವುದು ಹೆಚ್ಚಾಗಿ ಹೀಗೆಯೇ.

ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರಿಕೆಯ (ಓಲೆಯ) 3:15 ಹೇಳುವುದು, ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ‘ಕೇಳುವವರಿಗೆ’ ಉತ್ತರ ಕೊಡಲು ಸಿದ್ಧರಾಗಿರಿ ಎಂದು, ಅದನ್ನೂ ಸಾತ್ವಿಕವಾಗಿ. ಕೇಳುವವನು ಮೊದಲು ಬಂದಿದ್ದಾನೆ, ಹೇಳುವವನು ಆಮೇಲೆ. ಹುಡುಗ ತಾನಾಗಿಯೇ ‘ನೀವು ಇಷ್ಟು ಸಮಾಧಾನವಾಗಿ ಹೇಗಿರುತ್ತೀರಿ ಸರ್’ ಎಂದು ಕೇಳಿದರೆ, ಟೀ ಬಿಡುವಿನಲ್ಲಿ ಎರಡು ಮೂರು ನಿಮಿಷ ಹೇಳಿ. ಮಾತು ‘ನಾನು’ ಎಂದು ಶುರುವಾಗಲಿ: ‘ನಾನು ಬೆಳಗ್ಗೆ ಒಂದು ಕೀರ್ತನೆ ಓದಿ ಪ್ರಾರ್ಥನೆ ಮಾಡುತ್ತೇನೆ, ನನಗೆ ಧೈರ್ಯ ಬರುವುದು ಅಲ್ಲಿಂದ.’ ‘ನೀನು ಹೀಗೆ ಮಾಡು’ ಎಂಬಲ್ಲಿಗೆ ಹೋಗಬೇಡಿ. ಅವನು ಫೋನ್ ನೋಡತೊಡಗಿದರೆ, ‘ಒಳ್ಳೇದು ಸರ್’ ಎಂದು ಮಾತು ತಿರುಗಿಸಿದರೆ, ಅಲ್ಲಿಗೆ ಬಿಡಿ. ಆಫೀಸಿನ ವಾಟ್ಸಾಪ್ ಗುಂಪಿಗೆ ದಿನವೂ ವಚನ ಹಾಕುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ. ಆ ಗುಂಪಿನಿಂದ ಹೊರಹೋಗುವ ಸ್ವಾತಂತ್ರ್ಯ ಅಲ್ಲಿರುವ ಯಾರಿಗೂ ಇಲ್ಲ.

ಪ್ರಶ್ನೆ: ಪಕ್ಕದ ಮನೆಯವರು ಗೌರಿ ಗಣೇಶನ ಹಬ್ಬಕ್ಕೆ ಕಡುಬು, ಹೋಳಿಗೆ ಕೊಡುತ್ತಾರೆ. ತೆಗೆದುಕೊಂಡರೆ ತಪ್ಪೇ? ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. (ಶಿವಮೊಗ್ಗ)

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೇ ಅಧ್ಯಾಯದಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ಅಂಗಡಿಯಲ್ಲಿ ಮಾರುವುದನ್ನು ಕೆದಕಿ ಕೇಳದೆ ತಿನ್ನಿ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ. ‘ಇದು ನೈವೇದ್ಯ ಮಾಡಿದ್ದು’ ಎಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಿ. ಹಬ್ಬದ ಅಡುಗೆ, ಸಂಕ್ರಾಂತಿಯ ಎಳ್ಳು ಬೆಲ್ಲ, ಯುಗಾದಿಯ ಹೋಳಿಗೆ ಬಂದರೆ ಸಂತೋಷವಾಗಿ ತಿನ್ನಿ. ಪೂಜೆಯ ಪ್ರಸಾದ ಎಂದೇ ಕೊಟ್ಟರೆ ಕ್ರೈಸ್ತರಲ್ಲಿ ಎಲ್ಲರ ನಡೆ ಒಂದೇ ಅಲ್ಲ. ನಿಮ್ಮ ಮನಸ್ಸು ಒಪ್ಪದಿದ್ದರೆ ನಗುಮುಖದಿಂದ ನೇರವಾಗಿ ಹೇಳಿ: ‘ಅಕ್ಕಾ, ನಮ್ಮಲ್ಲಿ ಪ್ರಸಾದ ತೊಗೊಳ್ಳೋ ರೂಢಿ ಇಲ್ಲ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈಯ ಹೋಳಿಗೆ ಇದ್ರೆ ಬಿಡೋದಿಲ್ಲ.’ ಕಾರಣ ವಿವರಿಸಲು ಕೂರಬೇಡಿ, ಆ ಹೊತ್ತಿಗೆ ಅದು ಅವರ ದೇವರ ಮೇಲಿನ ಟೀಕೆಯಾಗಿಯೇ ಕೇಳಿಸುತ್ತದೆ. ತೆಗೆದುಕೊಂಡು ಕಸದ ಬುಟ್ಟಿಗೆ ಹಾಕುವುದಂತೂ ಬೇಡವೇ ಬೇಡ. ಕೆಲಸದಾಕೆ ಕಂಡರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ಯಾರೂ ಕಾಣದಿದ್ದರೂ ಅದು ಅವಮಾನವೇ.

ಕ್ರಿಸ್‌ಮಸ್‌ಗೆ ನೀವು ಕಳಿಸುವಾಗಲೂ ಇಷ್ಟೇ ಎಚ್ಚರ ಇರಲಿ. ಸಸ್ಯಾಹಾರಿ ಮನೆಗೆ ಮೊಟ್ಟೆಯಿಲ್ಲದ, ರಮ್ ಹಾಕದ ಕೇಕ್ ಕೊಡಿ, ಹಾಗೆಂದು ಬಾಯಿಬಿಟ್ಟು ಹೇಳಿಯೇ ಕೊಡಿ. ರೋಸ್ ಕುಕಿಯ ಹಿಟ್ಟಿಗೂ ಮೊಟ್ಟೆ ಬೀಳುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಮಾಂಸ ಬೇಯಿಸುವ ಪಾತ್ರೆ, ಎಣ್ಣೆ ಬಳಸಬೇಡಿ. ಸಂದೇಹವಿದ್ದರೆ ಹಣ್ಣು, ಒಣದ್ರಾಕ್ಷಿ, ಗೋಡಂಬಿ ಸಾಕು. ತಟ್ಟೆಯೊಳಗೆ ಕರಪತ್ರ ಮಡಚಿ ಇಡಬೇಡಿ, ತಿಂಡಿ ತಿಂಡಿಯಾಗಿಯೇ ಹೋಗಲಿ.

ಪ್ರಶ್ನೆ: ನಮ್ಮ ಯುವಕರ ತಂಡ ಭಾನುವಾರ ಆಸ್ಪತ್ರೆಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥಿಸುತ್ತದೆ. ಈಚೆಗೆ ವಾರ್ಡಿನ ಸಿಸ್ಟರ್ ತಡೆದರು. ಸೇವೆ ಮಾಡುವುದೂ ತಪ್ಪೇ?

ಸಿಸ್ಟರ್ ತಡೆದದ್ದು ಸರಿ. ಹಾಸಿಗೆಯಲ್ಲಿ ಮಲಗಿದವರು ಎದ್ದು ಹೋಗಲಾರರು. ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಮಂಡಳಿ ಮತ್ತು ವರ್ಲ್ಡ್ ಇವ್ಯಾಂಜೆಲಿಕಲ್ ಅಲಯನ್ಸ್ ಸೇರಿ 2011ರಲ್ಲಿ ಬಹುಧರ್ಮೀಯ ಜಗತ್ತಿನಲ್ಲಿ ಕ್ರೈಸ್ತ ಸಾಕ್ಷಿಯ ಕುರಿತು ಒಂದು ಮಾರ್ಗದರ್ಶಿ ಹೊರತಂದವು. ಗುಣಪಡಿಸುವ ಸೇವೆಯಲ್ಲಿ ಜನರ ಸಂಕಟವನ್ನು ದುರುಪಯೋಗ ಮಾಡಿಕೊಳ್ಳಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಇವ್ಯಾಂಜೆಲಿಕಲ್ ಸಭೆಗಳವರು ಒಟ್ಟಾಗಿ ಒಪ್ಪಿದ ಮಾತು ಇದು.

ಆಸ್ಪತ್ರೆಯ ಆಡಳಿತದಿಂದ ಮೊದಲೇ ಒಪ್ಪಿಗೆ ಪಡೆಯಿರಿ, ಭೇಟಿಯ ವೇಳೆಯಲ್ಲೇ ಹೋಗಿ. ಒಂದು ಹಾಸಿಗೆಯ ಬಳಿ ಇಬ್ಬರಿಗಿಂತ ಹೆಚ್ಚು ನಿಲ್ಲಬೇಡಿ; ಆರು ಜನ ಸುತ್ತುವರಿದರೆ ರೋಗಿಗೆ ಗಾಬರಿ. ‘ನಾವು ಚರ್ಚಿನಿಂದ ಬಂದಿದ್ದೇವೆ. ನಿಮಗಾಗಿ ಪ್ರಾರ್ಥನೆ ಮಾಡಬಹುದಾ, ಬೇಡದಿದ್ದರೆ ಸುಮ್ಮನೆ ಮಾತಾಡಿಸಿ ಹೋಗ್ತೀವಿ’ ಎಂದು ಕೇಳಿ. ರೋಗಿಗೆ ಅರೆಪ್ರಜ್ಞೆ ಇದ್ದರೆ ಅಥವಾ ನೋವಿನ ಮದ್ದಿನ ಮಂಪರಿದ್ದರೆ ಕೇಳಲೇಬೇಡಿ. ಒಪ್ಪಿದರೆ ಒಂದು ನಿಮಿಷ, ಮೆಲುದನಿಯಲ್ಲಿ ಸಾಕು. ಕೇಳದೆ ತಲೆಯ ಮೇಲೆ ಕೈಯಿಡಬೇಡಿ, ಎಣ್ಣೆ ಹಚ್ಚಬೇಡಿ. ‘ನಂಬಿದರೆ ವಾಸಿಯಾಗುತ್ತದೆ’ ಎಂಬ ಮಾತು ಬಾಯಿಂದ ಬರಬಾರದು. ವಾಸಿಯಾಗದಿದ್ದಾಗ ‘ನನ್ನ ನಂಬಿಕೆಯೇ ಸಾಲದು’ ಎಂಬ ಹೊರೆಯನ್ನೂ ಆ ಜೀವ ಹೊರಬೇಕಾಗುತ್ತದೆ. ಇನ್ಸುಲಿನ್, ಫಿಟ್ಸಿನ ಮಾತ್ರೆ, ಬಿಪಿ ಮಾತ್ರೆ ಬಿಡಿ ಎಂದು ತಂಡದಲ್ಲಿ ಯಾರಾದರೂ ಹೇಳಿದ್ದು ಗೊತ್ತಾದರೆ ಅವರನ್ನು ಆ ಕ್ಷಣವೇ ಸೇವೆಯಿಂದ ಹೊರಗಿಡಿ, ಇದರಲ್ಲಿ ಎರಡನೇ ಅವಕಾಶ ಬೇಡ. ಫೋಟೊ, ವಿಡಿಯೊ, ವಾಸಿಯಾದೆ ಎಂದು ಹೇಳಿಸುವ ‘ಸಾಕ್ಷಿ’ ಯಾವುದೂ ಬೇಡ. ಕ್ಯಾನ್ಸರ್, ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಕೂಟದ ಪೋಸ್ಟರಿನಲ್ಲಿ ಹಾಕಿಸುವವರೂ ಗಮನಿಸಬೇಕು: ಪಟ್ಟಿ ಮಾಡಿದ ರೋಗಗಳಿಗೆ ಪವಾಡದ ಪರಿಹಾರ ಜಾಹೀರಾತು ಮಾಡುವುದನ್ನು ತಡೆಯುವ ಕಾಯ್ದೆ 1954ರಿಂದಲೂ ಇದೆ.

ಪ್ರಶ್ನೆ: ಜಾತ್ರೆಯಲ್ಲಿ ಕರಪತ್ರ ಹಂಚುವುದಕ್ಕೆ ಸಂವಿಧಾನವೇ ಹಕ್ಕು ಕೊಟ್ಟಿದೆ ಎಂದು ಕೆಲವರು, ಕೇಸು ಬೀಳುತ್ತದೆ ಎಂದು ಕೆಲವರು. ಯಾವುದು ನಿಜ?

25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ರೆವರೆಂಡ್ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಿತು: ನಿಮ್ಮ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಇಲ್ಲ. ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ನಿನಡಿ ಅಪರಾಧ. ಹಳೆಯ ದಂಡ ಸಂಹಿತೆಯ 295ಎ ಅದೇ.

ಕಾನೂನು ಅತ್ತಿರಲಿ, ಜಾತ್ರೆಗೆ ಹೋಗಬೇಡಿ. ತೇರು ಎಳೆಯುವ ದಿನ ಜನ ರಥಬೀದಿಗೆ ಬಂದಿರುವುದು ತಮ್ಮ ದೇವರ ದರ್ಶನಕ್ಕೆ. ಅಲ್ಲಿ ಇನ್ನೊಂದು ನಂಬಿಕೆಯ ಚೀಟಿ ಹಿಡಿಸುವುದು ಅವರ ಪೂಜೆಗೆ ಅಡ್ಡ ಬಂದಂತೆಯೇ. ಪ್ರಾಚೀನ ಎಫೆಸ ನಗರದಲ್ಲಿ ಅರ್ತೆಮೀ ದೇವಿಯ ಭಕ್ತರು ಗಲಾಟೆ ಎಬ್ಬಿಸಿದಾಗ ಊರಿನ ಅಧಿಕಾರಿಯೇ ಪೌಲನ ಸಂಗಡಿಗರ ಪರ ನಿಂತು, ಇವರು ದೇವಸ್ಥಾನ ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದ ಪ್ರಸಂಗ ಬೈಬಲಿನ ಅಪೊಸ್ತಲರ ಕೃತ್ಯಗಳು 19:37ರಲ್ಲಿದೆ. ನಿಮ್ಮ ಕರಪತ್ರ ಓದಿದ ಊರಿನ ಗೌಡರು ನಿಮ್ಮ ಬಗ್ಗೆ ಹಾಗೆ ಹೇಳಬಲ್ಲರೇ? ಅಚ್ಚಿಗೆ ಕೊಡುವ ಮುನ್ನ ಕರಡನ್ನು ಕ್ರೈಸ್ತರಲ್ಲದ ಇಬ್ಬರು ಮೂವರು ಪರಿಚಿತರಿಗೆ ಓದಲು ಕೊಡಿ. ‘ಅಂಧಕಾರದಲ್ಲಿರುವವರು’, ‘ಅನ್ಯಜನರು’ ಎಂಬಂಥ ಸಭೆಯೊಳಗಿನ ಮಾತುಗಳ ಕೆಳಗೆ ಅವರೇ ಗೆರೆ ಎಳೆದು ಕೊಡುತ್ತಾರೆ. ಅವನ್ನು ತೆಗೆದುಬಿಡಿ. ಬೇರೆ ದೇವರುಗಳ ಚಿತ್ರ, ಹೋಲಿಕೆ ಬೇಡ. ಸುವಾರ್ತೆಯ (ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಪುಸ್ತಕಗಳ) ಒಂದು ಭಾಗ, ನಿಮ್ಮ ನಂಬಿಕೆಯ ನಾಲ್ಕು ಮಾತು, ಸಭೆಯ ಹೆಸರು ಮತ್ತು ಪೂರ್ತಿ ವಿಳಾಸ ಇರಲಿ. ವಿಳಾಸವಿಲ್ಲದ ಕರಪತ್ರ ಅನುಮಾನಕ್ಕೇ ದಾರಿ.

ಎದುರಿನವರ ನಂಬಿಕೆಯನ್ನು ಓದಿ ತಿಳಿಯದೆ ಹಂಚಲು ಹೊರಡುವುದು ಇನ್ನೂ ದೊಡ್ಡ ಕೊರತೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹರಿದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಕಿಟೆಲ್ ಅವರ, 1894ರಲ್ಲಿ ಹೊರಬಂದ ಕನ್ನಡ ನಿಘಂಟನ್ನು ಇಂದಿಗೂ ಎಲ್ಲ ಧರ್ಮದ ಕನ್ನಡಿಗರು ಬಳಸುತ್ತಾರೆ. ಆ ಕಾಲದ ಮಿಷನರಿ ಬರಹಗಳಲ್ಲಿ ಇಂದು ಓದಿದರೆ ನೋಯಿಸುವ ಕಟುಮಾತುಗಳೂ ಇವೆ. ಅವರಿಂದ ಕಲಿಯಬೇಕಾದದ್ದು ಆ ಕಟುತನವನ್ನಲ್ಲ, ವರ್ಷಗಟ್ಟಲೆ ಕೂತು ಓದಿದ ತಾಳ್ಮೆಯನ್ನು.

ಪ್ರಶ್ನೆ: ನನಗೆ 31. ಪರಿಶಿಷ್ಟ ಜಾತಿಯವನು. ಎರಡು ವರ್ಷದಿಂದ ಸಭೆಗೆ ಹೋಗುತ್ತಿದ್ದೇನೆ, ದೀಕ್ಷಾಸ್ನಾನ (ಕ್ರೈಸ್ತನಾಗುವ ನೀರಿನ ಸಂಸ್ಕಾರ) ಪಡೆಯುವ ಮನಸ್ಸಿದೆ. ಹೆಂಡತಿಗೆ ಇಷ್ಟವಿಲ್ಲ. ‘ಗುಟ್ಟಾಗಿ ಮಾಡಿಸಿಕೊಳ್ಳಿ, ಜಾತಿ ಸರ್ಟಿಫಿಕೇಟ್ ಹಾಗೇ ಇರಲಿ’ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಏನು ಮಾಡಲಿ?

ಆ ಸಲಹೆಯನ್ನು ತೆಗೆದುಕೊಳ್ಳಬೇಡಿ. ಸತ್ಯವನ್ನು ಒಪ್ಪಿಕೊಳ್ಳುತ್ತೇನೆ ಎಂದು ನೀರಿಗಿಳಿಯುವವನ ಕೈಗೆ ಮೊದಲ ದಿನವೇ ಒಂದು ಸುಳ್ಳನ್ನು ಕೊಟ್ಟಂತಾಯಿತು ಅದು. ನಿಮ್ಮ ಮುಂದೆ ಏನೇನಿದೆ ಎಂಬುದನ್ನು ಪೂರ್ತಿ ತಿಳಿಸುವುದು ಸಭೆಯವರ ಹೊಣೆ. ಅವರು ತಿಳಿಸಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇವೆ.

1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಆ ಮಾನ್ಯತೆ ಹಿಂದೂಗಳಿಗೆ, 1956ರ ತಿದ್ದುಪಡಿಯಿಂದ ಸಿಖ್ಖರಿಗೆ, 1990ರ ತಿದ್ದುಪಡಿಯಿಂದ ಬೌದ್ಧರಿಗೆ ಮಾತ್ರ. ಕ್ರೈಸ್ತರಾದರೆ ಪರಿಶಿಷ್ಟ ಜಾತಿಗೆ ಸಿಗುವ ಮೀಸಲಾತಿ, ವಿದ್ಯಾರ್ಥಿವೇತನ, ಮೀಸಲು ಕ್ಷೇತ್ರ ಕೈಬಿಡುತ್ತವೆ. ಪರಿಶಿಷ್ಟ ಪಂಗಡದವರಿಗೆ ಈ ಧರ್ಮದ ಷರತ್ತು ಇಲ್ಲ. ಪರಿಶಿಷ್ಟ ಜಾತಿಗೆ ಈ ಷರತ್ತು ಹಾಕಿರುವುದು ಅನ್ಯಾಯ ಎಂದು ದಲಿತ ಕ್ರೈಸ್ತರು ದಶಕಗಳಿಂದ ಹೋರಾಡುತ್ತಿದ್ದಾರೆ, ಆ ನೋವು ನಮ್ಮದೂ ಹೌದು. ಆದರೆ ಕಾನೂನು ಇಂದು ಇರುವುದು ಹೀಗೆ. ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಿದ್ದ ಮಹಿಳೆಯೊಬ್ಬರು ಕೆಲಸಕ್ಕಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ ಪ್ರಕರಣದಲ್ಲಿ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿರಾಕರಿಸಿತು. ಗುಟ್ಟಾಗಿ ಇಟ್ಟುಕೊಂಡರೆ ನೌಕರಿ ಸಿಕ್ಕಿ ಹತ್ತು ವರ್ಷವಾದ ಮೇಲೂ ಪ್ರಮಾಣಪತ್ರ ರದ್ದಾಗುವ ಭಯದಲ್ಲೇ ಬದುಕಬೇಕು.

ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಂತೆ, ಗಂಡ ಅಥವಾ ಹೆಂಡತಿ ಬೇರೆ ಧರ್ಮಕ್ಕೆ ಸೇರಿದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಸೆಕ್ಷನ್ ಮತಾಂತರವಾದವರ ಸ್ವಂತ ಹಕ್ಕನ್ನು ಕಸಿಯುವುದಿಲ್ಲ. ಆದರೆ ಆಮೇಲೆ ಹುಟ್ಟಿದ ಮಕ್ಕಳು, ಉತ್ತರಾಧಿಕಾರದ ಹೊತ್ತಿಗೆ ಹಿಂದೂಗಳಾಗಿಲ್ಲದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ, ಧರ್ಮ ಬದಲಿಸುವವರೂ ಅದನ್ನು ನಡೆಸಿಕೊಡುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕೆಂದಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ದಿನ ಗೊತ್ತುಮಾಡುವ ಮುನ್ನ ವಕೀಲರೊಬ್ಬರ ಜೊತೆ ಕೂತು ಇವೆಲ್ಲದರ ಈಗಿನ ಸ್ಥಿತಿ ನೋಡಿಕೊಳ್ಳಿ.

ಇನ್ನು ಮನೆಯ ಮಾತು. ನಂಬದ ಹೆಂಡತಿ ಜೊತೆಯಲ್ಲಿ ಬಾಳಲು ಒಪ್ಪಿದರೆ ಅವಳನ್ನು ಬಿಡಬಾರದು ಎಂದು ಪೌಲನೇ ಬರೆದಿದ್ದಾನೆ (1 ಕೊರಿಂಥ 7:12). ಅವರು ಕುಂಕುಮ ಇಡಲಿ, ತಾಳಿ ಕಟ್ಟಿಕೊಳ್ಳಲಿ, ಮನೆಯಲ್ಲಿ ದೀಪ ಹಚ್ಚಲಿ. ದೇವರ ಕೋಣೆಯ ಪಟಗಳನ್ನು ತೆಗೆಯಿರಿ ಎಂದು ಸಭೆಯಿಂದ ಯಾರೇ ಬಂದು ಹೇಳಿದರೂ ಬಾಗಿಲಲ್ಲೇ ಬೇಡ ಅನ್ನಿ. ಅದು ನಿಮ್ಮೊಬ್ಬರ ಮನೆಯಲ್ಲ, ಅವರದೂ ಹೌದು. ಯಾಕೆ ಒಪ್ಪಿಗೆಯಿಲ್ಲ ಎಂದು ಕೇಳಿ ತಿಳಿದುಕೊಳ್ಳಿ. ಅದು ದೇವರ ವಿಷಯಕ್ಕಿಂತ ಹೆಚ್ಚಾಗಿ ಮಗಳ ಮದುವೆ, ತವರಿನವರ ಮಾತು, ತಂದೆ ತಾಯಿ ತೀರಿಕೊಂಡರೆ ಕ್ರಿಯೆಗೆ ನೀವು ನಿಲ್ಲುತ್ತೀರಾ ಎಂಬ ಚಿಂತೆ ಇರಬಹುದು. ಹೆಗಲು ಕೊಡುವುದು, ಖರ್ಚು ಹೊರುವುದು, ಬಂದವರಿಗೆ ಊಟ ಹಾಕಿಸುವುದು ನಿಮ್ಮಿಂದ ತಪ್ಪುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಪೂಜಾವಿಧಿಯಲ್ಲಿ ಯಾವುದಕ್ಕೆ ನಿಲ್ಲಲಾರಿರಿ ಎಂಬುದನ್ನೂ ಈಗಲೇ ಹೇಳಿ, ಚಟ್ಟದ ಮುಂದೆ ಅಲ್ಲ.

ಅವಸರ ಬೇಡ. ಕ್ಯಾಥೊಲಿಕ್ ಸಭೆಯಲ್ಲಿ ವಯಸ್ಕರಿಗೆ ತಿಂಗಳುಗಟ್ಟಲೆ ತಯಾರಿ ನಡೆಸಿ, ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ ದೀಕ್ಷಾಸ್ನಾನ ಕೊಡುತ್ತಾರೆ. ನಡುವೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ನಿಮ್ಮ ಸಭೆ ಯಾವುದೇ ಇರಲಿ, ಇಷ್ಟು ಕಾಲಾವಕಾಶ ಕೇಳಿ ಪಡೆಯಿರಿ. ಆ ಅವಧಿಯಲ್ಲಿ ಸಭೆಯಿಂದ ಸಾಲ, ಕೆಲಸ, ಮಕ್ಕಳ ಫೀಸು ಯಾವುದನ್ನೂ ತೆಗೆದುಕೊಳ್ಳಬೇಡಿ. ನಿಮ್ಮ ತೀರ್ಮಾನ ನಿಮ್ಮದೇ ಎಂದು ಹೆಂಡತಿಗೂ ಊರಿಗೂ ಆಗ ಕಾಣುತ್ತದೆ.

ಪ್ರಶ್ನೆ: ಬೇಸಿಗೆ ರಜೆಯ ವಿಬಿಎಸ್‌ಗೆ (ಸಭೆ ನಡೆಸುವ ಮಕ್ಕಳ ಬೈಬಲ್ ಶಾಲೆಗೆ) ಓಣಿಯ ಬೇರೆ ಧರ್ಮದ ಮಕ್ಕಳೂ ಬರುತ್ತಾರೆ. ಸೇರಿಸಿಕೊಳ್ಳಬಹುದೇ? (ಗದಗ)

ತಂದೆ ತಾಯಿ ಬರಹದಲ್ಲಿ ಒಪ್ಪಿದ್ದರೆ ಮಾತ್ರ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಸಭೆ ಅದಕ್ಕಿಂತ ಸಡಿಲವಾಗಿರಬಾರದು. ‘ಉಚಿತ ಬೇಸಿಗೆ ಶಿಬಿರ’ ಎಂದಷ್ಟೇ ಬ್ಯಾನರ್ ಹಾಕುವುದು ಮೋಸ. ಒಪ್ಪಿಗೆ ಪತ್ರದಲ್ಲಿ ಸಭೆಯ ಹೆಸರು, ದಿನ ಮತ್ತು ವೇಳೆ, ಬೈಬಲ್ ಕಥೆ ಹಾಗೂ ಹಾಡು ಕಲಿಸುತ್ತೇವೆ ಎಂಬುದು, ಕೊಡುವ ತಿಂಡಿ, ಜವಾಬ್ದಾರರ ಫೋನ್ ನಂಬರ್ ಇರಲಿ. ಪೋಷಕರು ಯಾವಾಗ ಬೇಕಾದರೂ ಬಂದು ಹಿಂದೆ ಕೂತು ನೋಡಬಹುದು ಎಂದೂ ಬರೆಯಿರಿ. ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚಲೇಬೇಕೆಂದು, ಮುಂದೆ ಬಂದು ‘ಒಪ್ಪಿಸಿಕೊಳ್ಳಬೇಕು’ ಎಂದು ಮಕ್ಕಳಿಗೆ ಹೇಳಬೇಡಿ. ಬಹುಮಾನ ಕೊಡುವುದಾದರೆ ಬಂದ ಎಲ್ಲ ಮಕ್ಕಳಿಗೂ ಒಂದೇ ಥರದ್ದು ಕೊಡಿ.