ದಡದ ಮೇಲೆ ನಿಂತವರ ಕೆಲಸ

ಉಕ್ರೇನ್ ಯುದ್ಧದ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ಮುಳುಗುತ್ತಿರುವವನನ್ನು ದಡದಲ್ಲಿ ನಿಂತು ನೋಡುವುದಕ್ಕೆ ತಟಸ್ಥ ನೀತಿ ಎಂಬ ದೊಡ್ಡ ಹೆಸರೇಕೆ? ಅದು ವ್ಯಾಪಾರಿಗಳ ಹೇಡಿತನ.’

ನಿಮ್ಮ ಸಿಟ್ಟಿಗೆ ಕಾರಣವಿದೆ. ಎರಡನೇ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡ್ ನಾಜಿ ಜರ್ಮನಿಯ ಕೊಳ್ಳೆಯ ಚಿನ್ನ ಕೊಂಡಿತು. 1941ರ ಜೂನ್‌ನಲ್ಲಿ ಸ್ವೀಡನ್ ಒಂದಿಡೀ ಜರ್ಮನ್ ಡಿವಿಷನ್ (ಸಾವಿರಾರು ಸೈನಿಕರ ಪಡೆ) ತನ್ನ ನೆಲದ ಮೂಲಕ ನಾರ್ವೆಯಿಂದ ಫಿನ್ಲೆಂಡಿಗೆ ಹಾದುಹೋಗಲು ಬಿಟ್ಟಿತು. ಆದರೆ ಹೀಗೆ ಸೇನೆಗೆ ದಾರಿ ಬಿಡಕೂಡದು ಎನ್ನುವುದೇ ತಟಸ್ಥ ದೇಶಗಳ ಹಕ್ಕು, ಹೊಣೆಗಳನ್ನು ಹೇಳುವ 1907ರ ಹೇಗ್ ಒಪ್ಪಂದದ ಮೊದಲ ಪಾಠ. ಸ್ವೀಡನ್ ಎಡವಿದ್ದು ತಟಸ್ಥವಾಗಿ ಉಳಿದದ್ದರಿಂದಲ್ಲ, ಉಳಿಯದೇ ಹೋದದ್ದರಿಂದ.

ತಟಸ್ಥವಾಗಿ ಉಳಿಯುವ ಕೆಲಸ ಹೇಗಿರುತ್ತದೆಂದು ತಿಳಿಯಲು ದಕ್ಷಿಣ ಅಮೆರಿಕದ ತಟಸ್ಥ ದೇಶ ಉರುಗ್ವೆಯ ಮಾಂಟೆವಿಡಿಯೊ ಬಂದರನ್ನು ನೋಡಬೇಕು. 1939ರ ಡಿಸೆಂಬರ್ 13ರಂದು ಮೂರು ಬ್ರಿಟಿಷ್ ಪಕ್ಷದ ಕ್ರೂಸರ್‌ಗಳ ಜೊತೆ ಕಾದಾಡಿ ಪೆಟ್ಟು ತಿಂದ ಜರ್ಮನಿಯ ಗ್ರಾಫ್ ಶ್ಪೇ ಯುದ್ಧನೌಕೆ ಅಲ್ಲಿಗೆ ಬಂದು ಲಂಗರು ಹಾಕಿತು. ಹೇಗ್ ನಿಯಮದಂತೆ ತಟಸ್ಥ ಬಂದರಿನಲ್ಲಿ ಸಾಮಾನ್ಯವಾಗಿ ಯುದ್ಧನೌಕೆಗೆ 24 ಗಂಟೆ ಮಾತ್ರ ತಂಗಲು ಅವಕಾಶ. ರಿಪೇರಿ ಬೇಕಾದರೆ ಹೆಚ್ಚು ಸಮಯ ಕೊಡಬಹುದು, ಆದರೆ ಸಮುದ್ರದಲ್ಲಿ ಸಾಗಲು ಬೇಕಾದಷ್ಟು ರಿಪೇರಿಗೆ ಮಾತ್ರ. ತೋಪಿನ ಬಲ ಹೆಚ್ಚಿಸುವುದಕ್ಕಲ್ಲ. ಎಷ್ಟು ರಿಪೇರಿ ಬೇಕೆಂದು ತೀರ್ಮಾನಿಸುವುದು ಬಂದರಿನ ದೇಶವೇ ಹೊರತು ಹಡಗಿನ ಕ್ಯಾಪ್ಟನ್ ಅಲ್ಲ. ಜರ್ಮನರು ಎರಡು ವಾರ ಕೇಳಿದರು. ಉರುಗ್ವೆಯ ತಜ್ಞರು ಹಡಗು ಹತ್ತಿ ಪರಿಶೀಲಿಸಿದರು. ಸರ್ಕಾರ 72 ಗಂಟೆ ಕೊಟ್ಟಿತು. ಇನ್ನೊಂದು ನಿಯಮವೂ ಇತ್ತು: ಶತ್ರುವಿನ ವ್ಯಾಪಾರಿ ಹಡಗು ಹೊರಟ 24 ಗಂಟೆಯೊಳಗೆ ಯುದ್ಧನೌಕೆ ಬಂದರು ಬಿಡುವಂತಿಲ್ಲ. ಬ್ರಿಟಿಷರು ಅದನ್ನು ಹಿಡಿದುಕೊಂಡು, ಗ್ರಾಫ್ ಶ್ಪೇಯನ್ನು ತಡೆಯಲೆಂದೇ ತಮ್ಮ ವ್ಯಾಪಾರಿ ಹಡಗನ್ನು ಹೊರಡಿಸಿದರು. 17ರ ಸಂಜೆ ಜರ್ಮನರು ತಮ್ಮ ನೌಕೆಯನ್ನು ನದೀಮುಖದಲ್ಲಿ ತಾವೇ ಸ್ಫೋಟಿಸಿ ಮುಳುಗಿಸಿದರು. ಇಬ್ಬರೂ ಒತ್ತಡ ಹಾಕಿದರೂ ಆ ಪುಟ್ಟ ದೇಶ ಗಡಿಯಾರವನ್ನು ಯಾರ ಕೈಗೂ ಕೊಡಲಿಲ್ಲ. ಇದನ್ನು ಹೇಡಿತನ ಎನ್ನುತ್ತೀರಾ?

ಅದೇ ಗ್ರಾಫ್ ಶ್ಪೇಗೆ ಎಣ್ಣೆ, ಸಾಮಾನು ಒದಗಿಸುತ್ತಿದ್ದ ಆಲ್ಟ್‌ಮಾರ್ಕ್ ಎಂಬ ಹಡಗು 1940ರ ಫೆಬ್ರವರಿಯಲ್ಲಿ, ಆಗಿನ್ನೂ ತಟಸ್ಥವಾಗಿದ್ದ ನಾರ್ವೆಯ ನೀರಿನಲ್ಲಿತ್ತು. ಹೊಟ್ಟೆಯಲ್ಲಿ 299 ಬ್ರಿಟಿಷ್ ಸೆರೆಯಾಳುಗಳು. ನಾರ್ವೆಯ ಅಧಿಕಾರಿಗಳು ಹತ್ತಿದರು, ವಿಚಾರಿಸಿದರು, ಕೆಳಗಿನ ಉಗ್ರಾಣ ತೆರೆಸದೆ ಇಳಿದರು. ಫೆಬ್ರವರಿ 16ರ ರಾತ್ರಿ ಬ್ರಿಟಿಷ್ ನೌಕಾಪಡೆ ನಾರ್ವೆಯ ಗಡಿ ಮುರಿದು ಒಳನುಗ್ಗಿ ಅವರನ್ನು ಬಿಡಿಸಿತು. ಏಪ್ರಿಲ್ 9ಕ್ಕೆ ಜರ್ಮನ್ ಸೇನೆಯೇ ನಾರ್ವೆಗೆ ಬಂದಿಳಿಯಿತು. ದಾಳಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಆ ಮುಚ್ಚಳ ಎತ್ತಿ ನೋಡಬೇಕಿತ್ತು.

ಇಂದಿನ ಜಗಳವೂ ಇಂಥದ್ದೇ. ಜರ್ಮನಿ ತನ್ನ ಬಳಿಯಿದ್ದ ಸ್ವಿಸ್ ತಯಾರಿಕೆಯ 35 ಮಿ.ಮೀ. ಮದ್ದುಗುಂಡುಗಳನ್ನು ಉಕ್ರೇನಿಗೆ ಕೊಡಲು ಅನುಮತಿ ಕೇಳಿದಾಗ ಸ್ವಿಟ್ಜರ್ಲೆಂಡ್ ನಿರಾಕರಿಸಿತು. ಅದೇ ದೇಶ 2022ರ ಫೆಬ್ರವರಿ 28ರಂದು ರಷ್ಯಾದ ಮೇಲಿನ ಯುರೋಪಿನ ನಿರ್ಬಂಧಗಳಿಗೆ ಸೇರಿಕೊಂಡಿತ್ತು. ಮದ್ದುಗುಂಡು ನಿರಾಕರಿಸಿದ್ದು ಜರ್ಮನಿಗೆ ಹೊಣೆಗೇಡಿತನ, ಸ್ವಿಟ್ಜರ್ಲೆಂಡಿಗೆ ಕಾನೂನು. ಹೇಗ್ ನಿಯಮಗಳ ಕಣ್ಣಲ್ಲಿ ಯುದ್ಧಕ್ಕೆ ಮದ್ದುಗುಂಡು ಕೊಡುವುದು ಬೇರೆ, ನಿರ್ಬಂಧ ಹೇರಿ ಬ್ಯಾಂಕ್ ಖಾತೆ ತಡೆಹಿಡಿಯುವುದು ಬೇರೆ. ಫಿನ್ಲೆಂಡ್, ಸ್ವೀಡನ್ ಬೇರೆ ದಾರಿ ಹಿಡಿದು ನೇಟೊ ಸೇನಾ ಕೂಟ ಸೇರಿದವು.

ನಿಮ್ಮ ಗೊಂದಲಕ್ಕೆ ನಾವು ಪತ್ರಿಕೆಯವರೂ ಹೊಣೆ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾದ ದಾಳಿಯನ್ನು ವಿರೋಧಿಸುವ ನಿರ್ಣಯಕ್ಕೆ ಭಾರತವೂ ಸೇರಿ 35 ದೇಶಗಳು ಮತ ಚಲಾಯಿಸದೆ ಉಳಿದಾಗ ‘ತಟಸ್ಥ’ ಎಂದು ಬರೆದೆವು. ನೆಹರೂ ಕಾಲದ ನೀತಿ ‘ಅಲಿಪ್ತ’, ಅಂದರೆ ಯಾವ ಸೇನಾ ಬಣಕ್ಕೂ ಸೇರದಿರುವುದು. ಅದಕ್ಕೂ ‘ತಟಸ್ಥ’ ಎಂದೇ ಬರೆಯುವವರಿದ್ದಾರೆ. ಮತ ಹಾಕದಿರುವುದು, ಅಲಿಪ್ತವಾಗಿರುವುದು, ಯುದ್ಧದಲ್ಲಿ ತಟಸ್ಥವಾಗಿರುವುದು, ಮೂರೂ ಬೇರೆ ಬೇರೆ. ಇನ್ನು ಮುಂದೆ ನಮ್ಮ ಪುಟಗಳಲ್ಲಿ ಮತ ಹಾಕದ ದೇಶವನ್ನು ‘ಮತದಾನದಿಂದ ದೂರ ಉಳಿದ ದೇಶ’ ಎಂದೇ ಬರೆಯುತ್ತೇವೆ. ತಪ್ಪಿದರೆ ಮತ್ತೆ ಪತ್ರ ಬರೆಯಿರಿ.

— ಸಂ.