ಬಣ್ಣದ ಡಬ್ಬಿ: ಅಜ್ಜಿಯ ಮದುವೆ ಫೋಟೋ ಅಂಟಿಸಬಹುದಾ?

ಪ್ರಶ್ನೆ: ನನ್ನ ಅಪ್ಪ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್, ಅಮ್ಮ ಉಡುಪಿ ಕಡೆಯ ಬಂಟರು. ಎರಡೂ ಮನೆಯ ಹಳೇ ಫೋಟೋ, ಕಾಗದ, ಸೀರೆ ತುಂಡು ಸೇರಿಸಿ ಮಿಕ್ಸೆಡ್ ಮೀಡಿಯಾ ಚಿತ್ರ ಮಾಡುತ್ತಿದ್ದೇನೆ. ನೋಡಿದ ನೆಂಟರೆಲ್ಲ 'ಇದು ನಮ್ಮ ಕಡೆಯದ್ದಲ್ಲ' ಅನ್ನುತ್ತಾರೆ. ಅಪ್ಪನ ಕಡೆಯ ವಂಶವೃಕ್ಷ ಕೆಲವು ತಲೆಮಾರಿಗೇ ನಿಂತುಹೋಗಿದೆ. ಎರಡನ್ನೂ ಒಂದೇ ಚಿತ್ರದಲ್ಲಿ ಕೂರಿಸುವುದು ಹೇಗೆ? ಅಜ್ಜಿಯ ಮದುವೆ ಫೋಟೋವನ್ನೇ ಅಂಟಿಸಬಹುದಾ?
– ಓದುಗಿ, ಶಿರ್ವ

ಉತ್ತರ: ಕೊನೇ ಪ್ರಶ್ನೆಗೆ ಮೊದಲು ಉತ್ತರ. ಅಂಟಿಸಬೇಡಿ ಮಾರಾಯ್ರೇ. ನಾನು ಒಮ್ಮೆ ನನ್ನ ಅಜ್ಜನ ಫೋಟೋವನ್ನು ಮೈದಾ ಅಂಟು ಹಾಕಿ ಹಲಗೆಗೆ ಅಂಟಿಸಿದ್ದೆ. ಎರಡು ಮಳೆಗಾಲ ಕಳೆದು ನೋಡಿದರೆ ಪುಸ್ತಕ ತಿನ್ನುವ ಆ ಬೆಳ್ಳಿ ಬಣ್ಣದ ಹುಳ ಅಜ್ಜನ ಮೀಸೆಯ ತನಕ ತಿಂದು ಮುಗಿಸಿತ್ತು. ಇನ್ನೊಂದು ಪ್ರತಿ ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಬೈಂಡಿಂಗ್‌ನವರು ಹುಳ ಬರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುವುದುಂಟು, ನಮ್ಮಲ್ಲಿ ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತ. ಆದರೆ ತಾಮ್ರ ಸೇರಿದರೆ ಕಾಗದ ಬೇಗ ಕಂದಿ ಪುಡಿಯಾಗುತ್ತದೆ, ಹಾಗಾಗಿ ಫೋಟೋಗೆ ಅದೂ ಬೇಡ. ಚೆನ್ನಾಗಿ ಸ್ಕ್ಯಾನ್ ಮಾಡಿಸಿ, ಹತ್ತಿಯ ಕಾಗದದ ಮೇಲೆ ಪ್ರಿಂಟ್ ತೆಗೆದು ಅದನ್ನು ಕತ್ತರಿಸಿ, ಹರಿಯಿರಿ, ಸುಡಿ, ಏನು ಬೇಕಾದರೂ ಮಾಡಿ. ಅಸಲು ಫೋಟೋ ಪೆಟ್ಟಿಗೆಯಲ್ಲೇ ಇರಲಿ. ಸಾಡೊ, ಅಂದರೆ ಕ್ಯಾಥೊಲಿಕ್ ಮದುಮಗಳ ಸೀರೆಯ ತುಂಡೇನಾದರೂ ಇದ್ದರೆ ಅದಕ್ಕೂ ಅಂಟು ಹಾಕಬೇಡಿ, ಸೂಜಿ ದಾರದಲ್ಲಿ ಹೊಲಿಯಿರಿ. ನಾಳೆ ಬೇಡ ಅನಿಸಿದರೆ ಬಿಚ್ಚಬಹುದು.

ಈಗ 'ನಮ್ಮ ಕಡೆಯದ್ದಲ್ಲ' ಅನ್ನುವ ಮಾತು. ಅವರವರ ಲೆಕ್ಕದಲ್ಲೇ ನೋಡೋಣ. ಬಂಟರ ಅಳಿಯಸಂತಾನ ಪದ್ಧತಿಯಲ್ಲಿ ಬರಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ, ನಿಮ್ಮ ತಾಯಿ ಬಂಟರು. ಕ್ಯಾಥೊಲಿಕರಲ್ಲಿ ಮನೆಹೆಸರು ಬರುವುದು ತಂದೆಯಿಂದ, ನಿಮ್ಮ ತಂದೆ ಕ್ಯಾಥೊಲಿಕ್. ಅಂದರೆ ಎರಡೂ ಮನೆಯ ದಾರಿ ನಿಮ್ಮ ಹತ್ತಿರವೇ ಬಂದು ಸೇರುತ್ತದೆ! ಅದೇ ಅಪ್ಪ ಬಂಟ, ಅಮ್ಮ ಕ್ಯಾಥೊಲಿಕ್ ಆಗಿದ್ದಿದ್ದರೆ ಹಳೇ ಪದ್ಧತಿಯಲ್ಲಿ ನಿಮಗೆ ಬರಿಯೂ ಇಲ್ಲ, ಆ ಮನೆಹೆಸರೂ ಇಲ್ಲ. ನೆಂಟರು ಒಪ್ಪುತ್ತಾರೋ ಬಿಡುತ್ತಾರೋ ಬೇರೆ ಮಾತು. ಆದರೆ ಚಿತ್ರಕ್ಕೆ ಇದು ಒಳ್ಳೇ ನಕ್ಷೆ ಅಲ್ವಾ? ಒಂದು ಕಡೆಯಿಂದ ಬರೀ ಹೆಂಗಸರ ಸಾಲು ಇಳಿದು ಬರಲಿ, ಇನ್ನೊಂದು ಕಡೆಯಿಂದ ಗಂಡಸರದ್ದು. ಅಂಗಡಿಯಲ್ಲಿ ಸಿಗುವ ಮರದ ಆಕಾರದ ಚಾರ್ಟ್ ಇಟ್ಟುಕೊಂಡರೆ ಇದು ಕಾಣುವುದೇ ಇಲ್ಲ.

ಇನ್ನು ಎರಡಕ್ಕೂ ಸೇರಿದ ಸಾಮಾನು. ಮೊದಲು ತಲೆ ಎತ್ತಿ ಮನೆಯ ಮಾಡು (ಚಾವಣಿ) ನೋಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಬಂಟರ ದೊಡ್ಡ ಮನೆತನದ ಗುತ್ತಿನ ಮನೆಗೂ ಅದೇ ಹಂಚು, ಇಗರ್ಜಿ (ಚರ್ಚ್) ಪಕ್ಕದ ಮನೆಗೂ ಅದೇ ಹಂಚು. ಎರಡೂ ಮನೆಯಿಂದ ಒಂದೊಂದು ಹಳೇ ಹಂಚು ಇಳಿಸಿ ಮಗುಚಿ ಹಾಕಿ. ಪಾಚಿ ಉಜ್ಜಿ ತೊಳೆದರೆ ಕಾರ್ಖಾನೆಯ ಹೆಸರು ಉಬ್ಬಿಕೊಂಡು ಕಾಣುತ್ತದೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ, ಅಕ್ಷರ ಕಪ್ಪಾಗಿ ಒಂದೊಂದಾಗಿ ಎದ್ದು ಬರುತ್ತದೆ. ಒಂದು ಎಚ್ಚರಿಕೆ: ಹಂಚಿನ ಮೇಲೆ 1865 ಅಂತ ಇದ್ದರೆ ಮನೆ ಅಷ್ಟು ಹಳೆಯದು ಅಂದುಕೊಳ್ಳಬೇಡಿ, ಅದು ಕಾರ್ಖಾನೆ ಶುರುವಾದ ಇಸವಿ. ಒಡೆದ ಚೂರು ಇದ್ದರೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಬಣ್ಣ ಕಲಸುವ ಅಕ್ರಿಲಿಕ್ ಮೀಡಿಯಂಗೆ ಕಲಸಿ. ಆ ಕೆಂಪು ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ.

ಎರಡನೆಯದು ಅಕ್ಷರ. ಅಪ್ಪನ ಮನೆಯಲ್ಲಿ ಕೊಂಕಣಿ ಪ್ರಾರ್ಥನೆ ಪುಸ್ತಕವೋ 'ರಾಕ್ಣೊ' ವಾರಪತ್ರಿಕೆಯ ಹಳೇ ಸಂಚಿಕೆಯೋ ಇದ್ದೇ ಇರುತ್ತದೆ, ಅದು 1938ರಿಂದ ಬರುತ್ತಿರುವ ಪತ್ರಿಕೆ. ಅಮ್ಮನ ಮನೆಯಲ್ಲಿ ಯಾರೋ ನೋಟ್‌ಬುಕ್ಕಿನಲ್ಲಿ ತುಳು ಪಾಡ್ದನ (ಬಾಯಿಂದ ಬಾಯಿಗೆ ಬಂದ ಕಥೆ ಹಾಡು) ಬರೆದಿಟ್ಟಿರಬಹುದು. ಪಕ್ಕ ಪಕ್ಕ ಇಟ್ಟು ನೋಡಿ. ಒಂದು ಕೊಂಕಣಿ, ಒಂದು ತುಳು, ಎರಡರ ಲಿಪಿಯೂ ಕನ್ನಡ. ದೂರದಿಂದ ನೋಡಿದವರಿಗೆ ಯಾವುದು ಯಾವ ಮನೆಯದ್ದು ಅಂತ ಗೊತ್ತೇ ಆಗುವುದಿಲ್ಲ, ಹತ್ತಿರ ಬಂದು ಓದಬೇಕು. ನಾನಾಗಿದ್ದರೆ ಇಡೀ ಚಿತ್ರವನ್ನು ಇದರ ಮೇಲೇ ಕಟ್ಟುತ್ತಿದ್ದೆ.

ವಂಶವೃಕ್ಷ ನಿಂತುಹೋಗಿದ್ದಕ್ಕೆ ಬೇಜಾರು ಮಾಡಬೇಡಿ. 1784ರಲ್ಲಿ ಟಿಪ್ಪು ಇಲ್ಲಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಇಗರ್ಜಿಗಳೂ ಹಾಳಾದವು. ಬದುಕಿ ಉಳಿದವರು ವಾಪಸ್ ಬಂದು ನೆಲೆಯಾಗಿದ್ದು ಹೆಚ್ಚಾಗಿ 1799ರ ನಂತರ. ಅದಕ್ಕಿಂತ ಹಿಂದಿನ ಹೆಸರು ಎಷ್ಟೋ ಮನೆಗಳಿಗೆ ಸಿಗುವುದಿಲ್ಲ. ನಿಮ್ಮ ಇಗರ್ಜಿಯ ಜ್ಞಾನಸ್ನಾನದ ರಿಜಿಸ್ಟರ್ ಒಮ್ಮೆ ಕೇಳಿ ನೋಡಿ. ಸಿಕ್ಕಿದಷ್ಟು ಬರೆಯಿರಿ, ಸಿಗದ ಜಾಗದಲ್ಲಿ ಸುಮ್ನೆ ಹೂವು ಬಳ್ಳಿ ತುಂಬಿಸಬೇಡಿ. ಖಾಲಿ ಬಿಡಿ.

ಅಮೆರಿಕದ ಕಲಾವಿದೆ ಬೆಟಿ ಸಾರ್ ಅವರ ಕೆಲಸ ಹುಡುಕಿ ನೋಡಿ. 1926ರಲ್ಲಿ ಹುಟ್ಟಿದವರು. ಆಫ್ರಿಕನ್, ಐರಿಷ್, ಅಲ್ಲಿನ ಮೂಲನಿವಾಸಿ ಬೇರುಗಳು ಬೆರೆತ ಮನೆತನ. ಹ್ಯಾಟಿ ಎಂಬ ಅಜ್ಜಿ ವರಸೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಕರವಸ್ತ್ರ, ಕೈಗವಸು, ಫೋಟೋಗಳಿಂದಲೇ 1970ರ ದಶಕದಲ್ಲಿ ಕೆಲಸ ಮಾಡಿದರು. ಸಣ್ಣ ಸಣ್ಣ ಪೆಟ್ಟಿಗೆಗಳು, ದೊಡ್ಡ ಕ್ಯಾನ್ವಾಸೇ ಬೇಕು ಅಂತಿಲ್ಲ.

ಪ್ರಶ್ನೆ: ಪ್ರದರ್ಶನದಲ್ಲಿ ಚಿತ್ರದ ಕೆಳಗೆ 'ಮಿಕ್ಸೆಡ್ ಮೀಡಿಯಾ' ಅಂತ ಬರೆದರೆ ಸಾಕಾ? ಫ್ರೇಮ್ ಹೇಗೆ ಹಾಕಿಸಬೇಕು?
– ಓದುಗ, ಮಂಗಳೂರು

ಉತ್ತರ: ಸಾಲದು. ಊಟದ ಮನೆಯಲ್ಲಿ 'ಪದಾರ್ಥ' ಅಂತ ಮಾತ್ರ ಹೇಳಿದ ಹಾಗಾಗುತ್ತದೆ. ಹಂಚಿನ ಪುಡಿ, ಸೀರೆ, ನೋಟ್‌ಬುಕ್ ಹಾಳೆ, ಏನೇನು ಇದೆಯೋ ಅಷ್ಟೂ ಬರೆಯಿರಿ. ಫ್ರೇಮಿನ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ (ಸುತ್ತ ಇಡುವ ದಪ್ಪ ರಟ್ಟಿನ ಅಂಚು) ಹಾಕಿಸಿ. ಜುಲೈ ತಿಂಗಳ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಯಾರಿಂದಲೂ ಆಗುವುದಿಲ್ಲ.