ಹಳದಿ ತ್ರಿಕೋನ ಕಂಡಾಗ: ಲ್ಯಾಪ್‌ಟಾಪ್ ಡ್ರೈವರ್ ಕುರಿತ ಪ್ರಶ್ನೋತ್ತರ

ಈ ಸಂಚಿಕೆಯ ಅಂಕಣವನ್ನು ಡ್ರೈವರ್ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಲ್ಯಾಪ್‌ಟಾಪ್‌ನ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ಪುಟ್ಟ ತಂತ್ರಾಂಶವೇ ಡ್ರೈವರ್. ಮೆನುಗಳ ಹೆಸರನ್ನು ವಿಂಡೋಸ್ 11ರ ಪರದೆಯಲ್ಲಿ ಕಾಣುವಂತೆಯೇ ಕೊಟ್ಟಿದೆ. ವಿಂಡೋಸ್ 10ರಲ್ಲಿ ಒಂದೆರಡು ಕಡೆ ಜಾಗ ಬೇರೆ ಇರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಒಂದು ತಂತ್ರಾಂಶ ತಾನಾಗಿಯೇ ತೆರೆದುಕೊಂಡು, ‘ನಿಮ್ಮ 27 ಡ್ರೈವರ್‌ಗಳು ಹಳತಾಗಿವೆ’ ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿದೆ. ಸರಿಮಾಡಲು ವರ್ಷಕ್ಕಿಷ್ಟು ಎಂದು ಹಣ ಕೇಳುತ್ತದೆ. ಕಟ್ಟಬಹುದೇ? — ಓದುಗರು, ಮೈಸೂರು

ಕಟ್ಟಬೇಡಿ, ಆ ತಂತ್ರಾಂಶವನ್ನೇ ತೆಗೆದುಹಾಕಿ. ಇಂಥವು ಸಾಮಾನ್ಯವಾಗಿ ಡ್ರೈವರ್‌ನ ದಿನಾಂಕ, ಆವೃತ್ತಿ ನೋಡಿ ಹಳತು ಎಂದು ಲೆಕ್ಕ ಹಾಕುತ್ತವೆ. ದಿನಾಂಕ ನಂಬುವಂಥದ್ದೇ ಅಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ (ಲ್ಯಾಪ್‌ಟಾಪ್‌ನ ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್‌ನ ಸಲಕರಣೆ) ಯಾವುದಾದರೂ ಮೂಲ ಸಾಧನದ ಮೇಲೆ ಎರಡು ಸಲ ಒತ್ತಿ ‘ಡ್ರೈವರ್’ ಪುಟ ನೋಡಿ: ಮೈಕ್ರೋಸಾಫ್ಟ್‌ನ ಸ್ವಂತ ಡ್ರೈವರ್‌ಗಳಲ್ಲಿ ಹೆಚ್ಚಿನವಕ್ಕೆ 2006ರ ಜೂನ್ 21 ಎಂದಿರುತ್ತದೆ, ಮೊನ್ನೆ ಬಂದ ವಿಂಡೋಸ್‌ನಲ್ಲೂ. ಅದು ಬೇಕೆಂದೇ ಹಾಕಿದ್ದು. ಒಂದೇ ಸಾಧನಕ್ಕೆ ಎರಡು ಡ್ರೈವರ್ ಸಮನಾಗಿ ಹೊಂದಿದರೆ ವಿಂಡೋಸ್ ಹೊಸ ದಿನಾಂಕದ್ದನ್ನು ಆರಿಸುತ್ತದೆ. ತನ್ನದಕ್ಕೆ ಹಳೆಯ ದಿನಾಂಕ ಕೊಟ್ಟರೆ ತಯಾರಕರ ಡ್ರೈವರ್ ಗೆಲ್ಲುತ್ತದೆ. ಇಂಟೆಲ್ ಇನ್ನೂ ಹಿಂದಕ್ಕೆ ಹೋಗಿದೆ. ಅದರ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಫೈಲ್‌ಗಳ ದಿನಾಂಕ 1968ರ ಜುಲೈ 18, ಅಂದರೆ ಕಂಪನಿ ಹುಟ್ಟಿದ ದಿನ. ಇದನ್ನೆಲ್ಲ ‘ಹಳತು’ ಎಂದು ಎಣಿಸಿದರೆ 27 ಏಕೆ, 50 ಆದೀತು.

ಡ್ರೈವರ್‌ಗೆ ಹೋಗಬೇಕಾದ ಜಾಗಗಳು ಮೂರೇ. ಮೊದಲನೆಯದು ಸೆಟ್ಟಿಂಗ್ಸ್ – ವಿಂಡೋಸ್ ಅಪ್‌ಡೇಟ್ – ಅಡ್ವಾನ್ಸ್ಡ್ ಆಪ್ಷನ್ಸ್ – ಆಪ್ಷನಲ್ ಅಪ್‌ಡೇಟ್ಸ್. ಅಲ್ಲಿ ಕಂಡದ್ದಕ್ಕೆಲ್ಲ ಟಿಕ್ ಹಾಕಬೇಡಿ; ನಿರ್ದಿಷ್ಟ ತೊಂದರೆ ಇದ್ದರೆ ಮಾತ್ರ ಇವು ನೆರವಾಗಬಹುದು ಎಂದು ಮೈಕ್ರೋಸಾಫ್ಟೇ ಅದೇ ಪುಟದಲ್ಲಿ ಬರೆದಿದೆ. ಎರಡನೆಯದು ನಿಮ್ಮ ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟ. ಡೆಲ್‌ಗೆ ತಳಭಾಗದ 7 ಅಕ್ಷರಗಳ ಸರ್ವಿಸ್ ಟ್ಯಾಗ್, ಲೆನೊವೊಗೆ ಸೀರಿಯಲ್ ನಂಬರ್, ಏಸರ್‌ಗೆ ಎಸ್‌ಎನ್‌ಐಡಿ ಎಂಬ ಗುರುತು ಸಂಖ್ಯೆ ಕೊಟ್ಟರೆ ಸಾಕು. ಎಚ್‌ಪಿಯಲ್ಲಿ ಚೀಟಿ ಅಳಿಸಿಹೋಗಿದ್ದರೆ ಎಫ್‌ಎನ್ ಮತ್ತು ಎಸ್ಕೇಪ್ ಕೀಲಿ ಒಟ್ಟಿಗೆ ಒತ್ತಿ, ವಿವರ ಪರದೆಗೆ ಬರುತ್ತದೆ. ಕೈಯಿಂದ ಹುಡುಕುವುದು ಬೇಡವೆನಿಸಿದರೆ ತಯಾರಕರದೇ ಉಚಿತ ಆಪ್‌ಗಳಿವೆ: ಡೆಲ್ ಸಪೋರ್ಟ್‌ಅಸಿಸ್ಟ್, ಎಚ್‌ಪಿ ಸಪೋರ್ಟ್ ಅಸಿಸ್ಟಂಟ್, ಲೆನೊವೊ ವ್ಯಾಂಟೇಜ್, ಮೈಏಸುಸ್. ಮೂರನೆಯದು ಚಿಪ್ ತಯಾರಕರ ತಾಣ (ಇಂಟೆಲ್, ಎಎಮ್‌ಡಿ, ಎನ್‌ವಿಡಿಯಾ). ಗ್ರಾಫಿಕ್ಸ್‌ಗೆ, ಮತ್ತು ಇಂಟೆಲ್ ವೈಫೈ-ಬ್ಲೂಟೂತ್‌ಗೆ ಮಾತ್ರ ಅಲ್ಲಿಗೆ ಹೋಗಿ. ಆಡಿಯೊ, ಟಚ್‌ಪ್ಯಾಡ್, ಹಾಟ್‌ಕೀಗಳಿಗೆ (ದನಿ, ಬೆಳಕು ಹೊಂದಿಸುವಂಥ ಕೀಲಿಗಳು) ಲ್ಯಾಪ್‌ಟಾಪ್ ತಯಾರಕರದ್ದೇ ಆಗಬೇಕು.

ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ? ವೈಫೈ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳನ್ನು ಆಗಾಗ ನೋಡಿಕೊಳ್ಳುವುದು ಒಳ್ಳೆಯದು, ಸುರಕ್ಷತೆಯ ದೋಷಗಳು ಅಲ್ಲಿ ಸಿಗುತ್ತಲೇ ಇರುತ್ತವೆ. 2017ರಲ್ಲಿ ವೈಫೈ ಗೂಢಲಿಪಿಯಲ್ಲೇ ‘ಕ್ರ್ಯಾಕ್’ ಎಂಬ ದೋಷ ಹೊರಬಿದ್ದಾಗ ಅನೇಕ ಡ್ರೈವರ್‌ಗಳನ್ನು ತಿದ್ದಬೇಕಾಯಿತು. ಉಳಿದವನ್ನು ಕೆಣಕುವ ಅಗತ್ಯವಿಲ್ಲ.

ಇಂಟೆಲ್ 12ನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ ಹೊಸದಾಗಿ ವಿಂಡೋಸ್ 11 ಹಾಕಲು ಹೋದರೆ ಎಸ್‌ಎಸ್‌ಡಿಯೇ ಪಟ್ಟಿಯಲ್ಲಿ ಕಾಣುತ್ತಿಲ್ಲ. ರಿಪೇರಿ ಅಂಗಡಿಯವರು ‘ಎಸ್‌ಎಸ್‌ಡಿ ಹೋಗಿದೆ, ಬದಲಿಸಬೇಕು’ ಎನ್ನುತ್ತಾರೆ. ನಿನ್ನೆವರೆಗೂ ಚೆನ್ನಾಗಿಯೇ ಇತ್ತು. — ಓದುಗರು, ಹುಬ್ಬಳ್ಳಿ

ಎಸ್‌ಎಸ್‌ಡಿ (ವಿಂಡೋಸ್, ಫೈಲ್‌ಗಳೆಲ್ಲ ಇರುವ ಡಿಸ್ಕ್) ಬದಲಿಸುವ ಮುನ್ನ ಇದನ್ನು ನೋಡಿ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ನೇರವಾಗಿ ಅಲ್ಲ, ‘ವಿಎಮ್‌ಡಿ’ ಎಂಬ ನಿಯಂತ್ರಕದ ಹಿಂದೆ ಕೂತಿರುತ್ತದೆ. ಅದರ ಡ್ರೈವರ್ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇಲ್ಲದಿದ್ದರೆ ಪಟ್ಟಿ ಖಾಲಿ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಲ್ಯಾಪ್‌ಟಾಪನ್ನು ಎಬ್ಬಿಸುವ ಒಳ ತಂತ್ರಾಂಶ) ಎಸ್‌ಎಸ್‌ಡಿಯ ಹೆಸರು ಕಾಣುತ್ತಿದ್ದರೆ ಅದು ಸತ್ತಿಲ್ಲ ಎಂದೇ ತಿಳಿಯಿರಿ.

ಬೇರೆ ಕಂಪ್ಯೂಟರ್‌ನಲ್ಲಿ ನಿಮ್ಮ ಮಾಡೆಲ್‌ನ ಸಪೋರ್ಟ್ ಪುಟ ತೆರೆದು, ಸ್ಟೋರೇಜ್ ವಿಭಾಗದಿಂದ ‘ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ’ ಡ್ರೈವರ್ ಇಳಿಸಿಕೊಳ್ಳಿ. ಎಲ್ಲರೂ ಎಡವುವ ಜಾಗ ಇದು: ಇಳಿಸಿದ ಎಕ್ಸ್‌ಇ ಫೈಲನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿದರೆ ಇನ್‌ಸ್ಟಾಲರ್‌ಗೆ ಅದು ಕಾಣುವುದೇ ಇಲ್ಲ. ಬಿಚ್ಚಿ ಹಾಕಬೇಕು. ಹಲವು ತಯಾರಕರ ಪ್ಯಾಕೇಜ್‌ಗಳಲ್ಲಿ ‘ಎಕ್ಸ್‌ಟ್ರ್ಯಾಕ್ಟ್’ ಎಂಬ ಆಯ್ಕೆ ಇರುತ್ತದೆ, ಇಲ್ಲದಿದ್ದರೆ ಸೆವೆನ್‌ಜಿಪ್ ಎಂಬ ತಂತ್ರಾಂಶದಿಂದ ಬಿಚ್ಚಿ ನೋಡಿ. ಐಎನ್‌ಎಫ್, ಸಿಸ್, ಕ್ಯಾಟ್ ಎಂದು ಕೊನೆಗೊಳ್ಳುವ ಫೈಲ್‌ಗಳೆಲ್ಲ ಒಂದೇ ಫೋಲ್ಡರ್‌ನಲ್ಲಿರಲಿ. ಆ ಫೋಲ್ಡರನ್ನು ವಿಂಡೋಸ್ ಇರುವ ಪೆನ್‌ಡ್ರೈವ್‌ಗೇ ನಕಲಿಸಿ. ಖಾಲಿ ಪಟ್ಟಿಯ ಪರದೆಯಲ್ಲಿ ‘ಲೋಡ್ ಡ್ರೈವರ್’ – ‘ಬ್ರೌಸ್’ ಒತ್ತಿ ಫೋಲ್ಡರ್ ತೋರಿಸಿದರೆ ವಿಎಮ್‌ಡಿ ಹೆಸರಿನ ಸಾಲು ಬರುತ್ತದೆ. ಅದನ್ನು ಆರಿಸಿ, ಎಸ್‌ಎಸ್‌ಡಿ ಪಟ್ಟಿಗೆ ಬರುತ್ತದೆ.

ಬಯಾಸ್‌ನಲ್ಲಿ ವಿಎಮ್‌ಡಿಯನ್ನೇ ಆಫ್ ಮಾಡಿಬಿಡುವ ಅಡ್ಡದಾರಿಯೂ ಇದೆ. ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಅಡಗಿರುತ್ತದೆ, ‘ಮೇನ್’ ಪುಟದಲ್ಲಿ ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಕಾಣುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವವರಿಗೆ ಇದು ಸರಿ. ಆದರೆ ಹಳೆಯ ವಿಂಡೋಸನ್ನು ಉಳಿಸಿಕೊಂಡು ಹೀಗೆ ಮಾಡಿದರೆ ಅದು ಬೂಟ್ ಆಗದೆ ನೀಲಿ ಪರದೆಗೆ ಬೀಳುತ್ತದೆ. ಹಾಗಾದರೆ ಗಾಬರಿ ಬೇಡ, ವಿಎಮ್‌ಡಿಯನ್ನು ಮತ್ತೆ ಆನ್ ಮಾಡಿ.

ವಿಂಡೋಸ್ ಕೂತ ಮೇಲೆ ಮುಂದಿನ ಎರಡು ತೊಂದರೆಗಳು ಬಹುತೇಕ ಖಚಿತ. ವೈಫೈ ಇರುವುದಿಲ್ಲ, ವೈಫೈ ಇಲ್ಲದೆ ವೈಫೈ ಡ್ರೈವರ್ ಇಳಿಸಲಾಗುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಮೆನುವಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಚಾರ್ಜಿಂಗಿಗಷ್ಟೇ ಆಗುವ ಅಗ್ಗದ ಕೇಬಲ್ ಆದರೆ ಆಯ್ಕೆ ಮಸುಕಾಗಿಯೇ ಉಳಿಯುತ್ತದೆ. ಐಫೋನ್ ಆದರೆ ಬೇರೆ ಡ್ರೈವರ್ ಬೇಕು, ಈ ಹೊತ್ತಿನಲ್ಲಿ ಅದು ಕೆಲಸಕ್ಕೆ ಬಾರದು. ನೆಟ್ ಬಂದೊಡನೆ ವಿಂಡೋಸ್ ಅಪ್‌ಡೇಟ್ ಒತ್ತಿದರೆ ಮುಕ್ಕಾಲು ಪಾಲು ಡ್ರೈವರ್‌ಗಳು ತಾವಾಗಿ ಬರುತ್ತವೆ.

ಎರಡನೆಯದು ಸತ್ತಂತಿರುವ ಟಚ್‌ಪ್ಯಾಡ್. ಈಗಿನ ಟಚ್‌ಪ್ಯಾಡ್‌ಗಳು ಐ2ಸಿ ಎಂಬ ಒಳದಾರಿಯಲ್ಲಿ ಮಾತಾಡುತ್ತವೆ. ಆ ದಾರಿ ತೆರೆಯುವುದು ‘ಇಂಟೆಲ್ ಸೀರಿಯಲ್ ಐಒ’ ಡ್ರೈವರ್. ಅದಿಲ್ಲದೆ ಟಚ್‌ಪ್ಯಾಡ್ ಡ್ರೈವರನ್ನು ಎಷ್ಟು ಸಲ ಹಾಕಿದರೂ ಫಲವಿಲ್ಲ. ಸದ್ಯಕ್ಕೆ ಒಂದು ಯುಎಸ್‌ಬಿ ಮೌಸ್ ಜೋಡಿಸಿಕೊಂಡು ಈ ಕ್ರಮದಲ್ಲಿ ಹಾಕಿ: ಚಿಪ್‌ಸೆಟ್, ಸೀರಿಯಲ್ ಐಒ, ರೀಸ್ಟಾರ್ಟ್, ಆಮೇಲೆ ಗ್ರಾಫಿಕ್ಸ್, ಆಡಿಯೊ, ವೈಫೈ-ಬ್ಲೂಟೂತ್, ಕೊನೆಗೆ ಟಚ್‌ಪ್ಯಾಡ್ ಮತ್ತು ಹಾಟ್‌ಕೀ.

ಇಷ್ಟಾದರೂ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಉಳಿದರೆ ಅದರ ಮೇಲೆ ಎರಡು ಸಲ ಒತ್ತಿ ಕೋಡ್ ಓದಿ. ಕೋಡ್ 28 ಅಂದರೆ ಡ್ರೈವರೇ ಇಲ್ಲ. ಕೋಡ್ 10, ಇದೆ ಆದರೆ ಸಾಧನ ಶುರುವಾಗುತ್ತಿಲ್ಲ. ಕೋಡ್ 43 ಬಂದು, ಡ್ರೈವರ್ ಬದಲಿಸಿದರೂ ಹೋಗದಿದ್ದರೆ ಆಗ ಯಂತ್ರಾಂಶವನ್ನು ಅನುಮಾನಿಸಬಹುದು. ಸಾಧನದ ಹೆಸರು ‘ಅನ್‌ನೋನ್’ ಎಂದಿದ್ದರೆ ‘ಡೀಟೇಲ್ಸ್’ – ‘ಹಾರ್ಡ್‌ವೇರ್ ಐಡಿಸ್’ ನೋಡಿ. ಅದರಲ್ಲಿ ವೆನ್ (VEN) ಎಂಬುದರ ಮುಂದಿನ ಸಂಖ್ಯೆ ತಯಾರಕರ ಗುರುತು: 8086 ಇಂಟೆಲ್, 1002 ಎಎಮ್‌ಡಿ, 10ಡಿಇ ಎನ್‌ವಿಡಿಯಾ, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ವೈಫೈ ಚಿಪ್ ಹಾಕಿ ಮಾರುವುದುಂಟು. ಸಪೋರ್ಟ್ ಪುಟದಲ್ಲಿ ಮೂರು ವೈಫೈ ಡ್ರೈವರ್ ಕಂಡರೆ ಯಾವುದು ನಿಮ್ಮದು ಎಂದು ಹೇಳುವುದು ಈ ಸಂಖ್ಯೆಯೇ.

ಇನ್ನೂ ಅಳಿಸದವರಿಗೆ ಒಂದು ಮಾತು. ವಿಂಡೋಸ್ ಅಳಿಸುವ ಮುನ್ನ ಸಿ ಡ್ರೈವ್‌ನ ವಿಂಡೋಸ್ – ಸಿಸ್ಟಮ್32 – ಡ್ರೈವರ್‌ಸ್ಟೋರ್ ಒಳಗಿನ ‘ಫೈಲ್‌ರೆಪಾಸಿಟರಿ’ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಿ. ಕೆಲವು ಜಿಬಿ ಆಗುತ್ತದೆ. ಆಮೇಲೆ ತ್ರಿಕೋನದ ಸಾಧನಕ್ಕೆ ‘ಅಪ್‌ಡೇಟ್ ಡ್ರೈವರ್’ – ‘ಬ್ರೌಸ್ ಮೈ ಕಂಪ್ಯೂಟರ್’ ಆರಿಸಿ, ‘ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್’ ಟಿಕ್ ಹಾಕಿ ಆ ಫೋಲ್ಡರ್ ತೋರಿಸಿದರೆ ಹೆಚ್ಚಿನವು ಅಲ್ಲೇ ಸಿಗುತ್ತವೆ.

ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ತೊಂದರೆ ಹಾಗೇ ಇದೆ. — ಓದುಗರು, ಕಲಬುರಗಿ

ಶಟ್‌ಡೌನ್ ಬೇಡ, ರೀಸ್ಟಾರ್ಟ್ ಮಾಡಿ. ‘ಫಾಸ್ಟ್ ಸ್ಟಾರ್ಟಪ್’ ಆನ್ ಇರುವಾಗ ಶಟ್‌ಡೌನ್ ಮಾಡಿದರೆ ವಿಂಡೋಸ್ ತನ್ನ ಕರ್ನಲ್ (ವ್ಯವಸ್ಥೆಯ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿಂದ ಶುರುಮಾಡುತ್ತದೆ.

ವಿಂಡೋಸ್ ಅಪ್‌ಡೇಟ್ ಆದ ಮೇಲೆ ಸ್ಪೀಕರ್ ದನಿ ಅರ್ಧಕ್ಕೆ ಇಳಿದಿದೆ. ಡಾಲ್ಬಿ ಆಪ್ ತೆರೆಯುವುದೇ ಇಲ್ಲ. — ಓದುಗರು, ಶಿವಮೊಗ್ಗ

ಲ್ಯಾಪ್‌ಟಾಪ್‌ನ ಸಣ್ಣ ಸ್ಪೀಕರ್‌ಗಳಿಗೆ ದನಿ ತುಂಬುವುದು ತಯಾರಕರು ಆ ಮಾಡೆಲ್‌ಗೆಂದೇ ಹೊಂದಿಸಿದ ಆಡಿಯೊ ಡ್ರೈವರ್. ಅದರ ಜಾಗಕ್ಕೆ ಸಾಮಾನ್ಯ ಡ್ರೈವರ್ ಬಂದು ಕೂತಿರಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರು ಬರೀ ‘ಹೈ ಡೆಫಿನಿಷನ್ ಆಡಿಯೊ ಡಿವೈಸ್’ ಎಂದಿದ್ದರೆ ಅನುಮಾನವೇ ಇಲ್ಲ. ಪ್ರಾಪರ್ಟೀಸ್ – ಡ್ರೈವರ್ – ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಅದು ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ ಎಂದರ್ಥ. ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಡ್ರೈವರ್ ತೆಗೆಯುವ ಚೌಕ ಕಂಡರೆ ಟಿಕ್ ಹಾಕಿ, ತಯಾರಕರ ಪುಟದ ಆಡಿಯೊ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿ.

ಮತ್ತೆ ಮತ್ತೆ ಹೀಗಾದರೆ, ವಿಂಡೋಸ್ ಪ್ರೊ ಇರುವವರು ಗ್ರೂಪ್ ಪಾಲಿಸಿ ಎಂಬ ನಿಯಮಗಳ ಸಲಕರಣೆಯ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿ ‘ಡು ನಾಟ್ ಇನ್‌ಕ್ಲೂಡ್ ಡ್ರೈವರ್ಸ್ ವಿತ್ ವಿಂಡೋಸ್ ಅಪ್‌ಡೇಟ್ಸ್’ ಎಂಬುದನ್ನು ‘ಎನೇಬಲ್ಡ್’ ಮಾಡಬಹುದು. ಹೋಮ್ ಆವೃತ್ತಿಯವರಿಗೆ ಈ ಸೌಕರ್ಯವಿಲ್ಲ. ಸ್ಟಾರ್ಟ್‌ನಲ್ಲಿ ‘ಡಿವೈಸ್ ಇನ್‌ಸ್ಟಲೇಷನ್ ಸೆಟ್ಟಿಂಗ್ಸ್’ ಹುಡುಕಿ ‘ನೋ’ ಕೊಟ್ಟರೆ ಒಂದಿಷ್ಟು ತಡೆಯಬಹುದು, ಪೂರ್ತಿ ಅಲ್ಲ.

ಅಪ್‌ಡೇಟ್ ಪಟ್ಟಿಯಲ್ಲಿ ಡ್ರೈವರ್‌ಗಳ ಜೊತೆ ‘ಬಯಾಸ್’ ಕೂಡ ಇದೆ. ಅದನ್ನೂ ಹಾಕಬಹುದೇ? ನಮ್ಮಲ್ಲಿ ಕರೆಂಟ್ ಆಗಾಗ ಹೋಗುತ್ತದೆ. — ಓದುಗರು, ಕಾಸರಗೋಡು

ಹಾಕಬಹುದು, ಆದರೆ ಅದು ಡ್ರೈವರ್ ಅಲ್ಲ. ಡ್ರೈವರ್ ಕೆಟ್ಟರೆ ಹಿಂದಕ್ಕೆ ಹೋಗಬಹುದು. ಬಯಾಸ್ ಅರ್ಧದಲ್ಲಿ ನಿಂತರೆ ಲ್ಯಾಪ್‌ಟಾಪ್ ಆನ್ ಆಗದೇ ಹೋಗಬಹುದು. ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರ್ ಜೋಡಿಸಿಯೇ ಇಡಿ. ಬ್ಯಾಟರಿ ಚೆನ್ನಾಗಿದ್ದರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಬ್ಯಾಟರಿ ಸತ್ತು ಬರೀ ಚಾರ್ಜರ್ ಮೇಲೆ ನಡೆಯುವ ಲ್ಯಾಪ್‌ಟಾಪ್‌ಗೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ನಡುವೆ ಪರದೆ ಕಪ್ಪಾಗುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಎರಡು ಮೂರು ಸಲ ರೀಸ್ಟಾರ್ಟ್ ಆಗುತ್ತದೆ. ಪವರ್ ಬಟನ್ ಮುಟ್ಟದೆ ಕಾಯಿರಿ.

ಇನ್ನೊಂದು ಹೆಚ್ಚು ಜನರನ್ನು ಕಾಡುವ ವಿಷಯ: ಬಯಾಸ್ ಬದಲಾದ ಮೇಲೆ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗಿರುವುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಮೊದಲು ಮೈಕ್ರೋಸಾಫ್ಟ್ ಖಾತೆಯ ‘ಡಿವೈಸಸ್’ ಪುಟದಲ್ಲಿ ಆ ಕೀ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪ್ರೊ ಆವೃತ್ತಿಯಲ್ಲಿ ‘ಮ್ಯಾನೇಜ್ ಬಿಟ್‌ಲಾಕರ್’ಗೆ ಹೋಗಿ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ. ಕೀ ಸಿಗದಿದ್ದರೆ ಬಯಾಸ್ ಅಪ್‌ಡೇಟ್ ಮುಂದೂಡಿ.

ಇಂಟೆಲ್ 7ನೇ ತಲೆಮಾರಿನ ಲ್ಯಾಪ್‌ಟಾಪ್, ವಿಂಡೋಸ್ 10. ಎರಡು ಮೂರು ವರ್ಷದಿಂದ ತಯಾರಕರ ಪುಟದಲ್ಲಿ ಹೊಸ ಡ್ರೈವರೇ ಇಲ್ಲ. — ಓದುಗರು, ತುಮಕೂರು

ಇನ್ನು ಬರುವುದೂ ಕಷ್ಟ. 6ರಿಂದ 10ನೇ ತಲೆಮಾರಿನ ಗ್ರಾಫಿಕ್ಸನ್ನು ಇಂಟೆಲ್ 2022ರಲ್ಲೇ ‘ಲೆಗಸಿ’ (ಹಳೆಯವು) ಪಟ್ಟಿಗೆ ಸೇರಿಸಿದೆ. ಡ್ರೈವರ್ ವಯಸ್ಸಾದ ಮಾತ್ರಕ್ಕೆ ಕೆಡುವುದಿಲ್ಲ, ಇರುವುದನ್ನೇ ಇಟ್ಟುಕೊಳ್ಳಿ. ಹೊಸ ಮಾಡೆಲ್‌ನ ಡ್ರೈವರನ್ನು ಬಲವಂತವಾಗಿ ತುರುಕಬೇಡಿ. ನಿಜವಾಗಿ ಚಿಂತಿಸಬೇಕಾದದ್ದು ವಿಂಡೋಸ್ 10ರ ಬಗ್ಗೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಉಬುಂಟು ಹಾಕಿಕೊಂಡಿದ್ದೇನೆ. ಡ್ರೈವರ್ ಎಲ್ಲಿಂದ ತರಬೇಕು? — ಓದುಗರು, ಪುಣೆ

ಹೆಚ್ಚಿನವು ಕರ್ನಲ್ ಜೊತೆಗೇ ಬರುತ್ತವೆ, ಎಂದಿನ ಸಿಸ್ಟಮ್ ಅಪ್‌ಡೇಟ್ ಸಾಕು. ಎನ್‌ವಿಡಿಯಾ ಇದ್ದರೆ ‘ಅಡಿಷನಲ್ ಡ್ರೈವರ್ಸ್’ ತೆರೆದು, ‘ಟೆಸ್ಟೆಡ್’ ಎಂದಿರುವುದನ್ನು ಆರಿಸಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಆನ್ ಇದ್ದರೆ ಹೊಸದಾಗಿ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಮೋಕ್’ ಆರಿಸಿ ಅದನ್ನೇ ಕೊಡಬೇಕು. ಗಡಿಬಿಡಿಯಲ್ಲಿ ‘ಕಂಟಿನ್ಯೂ ಬೂಟ್’ ಒತ್ತಿದರೆ ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ. ಬಯಾಸ್ ಮತ್ತು ಎಸ್‌ಎಸ್‌ಡಿ ಫರ್ಮ್‌ವೇರ್‌ಗೆ (ಸಾಧನದೊಳಗೇ ಇರುವ ತಂತ್ರಾಂಶ) ‘ಎಫ್‌ಡಬ್ಲ್ಯುಯುಪಿಡಿ’ ಎಂಬ ಸಲಕರಣೆ ಇದೆ. ಡೆಲ್, ಲೆನೊವೊಗಳ ಹಲವು ಮಾಡೆಲ್‌ಗಳಿಗೆ ಅದರಿಂದಲೇ ಅಪ್‌ಡೇಟ್ ಸಿಗುತ್ತದೆ.